ಓದುಗರ ಪ್ರಶ್ನೆ: ಸ್ಟೀರಿಯೊ ಹೊಸದು, ತೊಂದರೆ ವೈರಿನದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಾರಿನ ಸ್ಟೀರಿಯೊ ಬಗ್ಗೆ ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಯಾವ ಸೆಟ್ ಕೊಳ್ಳಲಿ ಎಂದು ಕೇಳಿದವರು ಕಡಿಮೆ, ಹಾಕಿಸಿದ ಸೆಟ್ ಯಾಕೆ ಹೀಗಾಡುತ್ತದೆ ಎಂದವರೇ ಹೆಚ್ಚು. ಎಲ್ಲದಕ್ಕೂ ಬೇಕಾದ ಸಾಮಾನು ಒಂದು ಡಿಜಿಟಲ್ ಮಲ್ಟಿಮೀಟರ್. ಸಾಧಾರಣದ್ದೇ ಸಾಕು, ಆದರೆ 10 ಆಂಪಿಯರ್ ಡಿಸಿ ಅಳೆಯುವ ತೂತು ಅದರಲ್ಲಿರಲಿ.

ಪ್ರಶ್ನೆ: ಕೀ ತೆಗೆದರೆ ಸಾಕು, ಸೆಟ್ಟಿನ ಗಡಿಯಾರ ಮೊದಲಿಗೆ ಹೋಗುತ್ತದೆ, ಸೇವ್ ಮಾಡಿದ ಸ್ಟೇಷನ್‌ಗಳೆಲ್ಲ ಅಳಿಸಿಹೋಗುತ್ತವೆ. ಬೋರ್ಡು ಹೋಗಿದೆ ಎನ್ನುತ್ತಾರೆ. ನಿಜವೇ? — ತಿಪಟೂರು

ಉತ್ತರ: ಬೋರ್ಡಿಗೆ ಕೈ ಹಾಕಿಸಬೇಡಿ. ಸೆಟ್ಟಿಗೆ ಎರಡು ದಾರಿಯಿಂದ ಕರೆಂಟು ಬರುತ್ತದೆ. ಹಳದಿ ವೈರು ಬ್ಯಾಟರಿಯಿಂದ ನೇರ. ಕೀ ಇದ್ದರೂ ಇಲ್ಲದಿದ್ದರೂ ಅದರಲ್ಲಿ 12 ವೋಲ್ಟ್ ಇರಬೇಕು, ಗಡಿಯಾರದ ನೆನಪು ಉಳಿಯುವುದು ಅದರಿಂದಲೇ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟು. ಸೆಟ್ಟನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ನಿಮ್ಮ ಕಾರಿನಲ್ಲಿ ಇವೆರಡು ಅದಲುಬದಲಾಗಿವೆ, ಇಲ್ಲವೇ ಎರಡನ್ನೂ ಸೇರಿಸಿ ಕೀ ಕರೆಂಟಿಗೇ ಕೊಟ್ಟಿದ್ದಾರೆ.

ಕೀ ತೆಗೆದು, ಕಪ್ಪು ವೈರಿಗೂ (ಅದು ಅರ್ತ್, ಅಂದರೆ ಕಾರಿನ ತಗಡಿಗೆ ಸೇರುವ ಮೈನಸ್) ಹಳದಿಗೂ ಮೀಟರ್ ಹಿಡಿಯಿರಿ. ಸೊನ್ನೆ ಬಂದರೆ ವಿಷಯ ಅಲ್ಲೇ ಮುಗಿಯಿತು. ಸೆಟ್ಟಿನ ಹಿಂದೆ ವೈರುಗಳನ್ನು ಒಟ್ಟಿಗೆ ಸಿಕ್ಕಿಸುವ ಐಎಸ್‌ಒ 10487 ಕಪ್ಲರಿನಲ್ಲಿ 4ನೇ ಪಿನ್ ಬ್ಯಾಟರಿಯದು, 7ನೆಯದು ಕೀಯದು, 8ನೆಯದು ಅರ್ತ್. ಕೆಲವು ಯುರೋಪಿಯನ್ ಕಾರುಗಳಲ್ಲಿ 4 ಮತ್ತು 7 ತಿರುವುಮುರುವಾಗಿರುತ್ತವೆ. ಅದಕ್ಕೆಂದೇ ಎಷ್ಟೋ ಕಪ್ಲರ್ ಕಿಟ್ಟುಗಳ ಹಳದಿ, ಕೆಂಪು ವೈರುಗಳ ನಡುವೆ ಬಿಚ್ಚಿ ಹಾಕುವ ಬುಲೆಟ್ ಜೋಡಣೆ ಕೊಟ್ಟಿರುತ್ತಾರೆ. ಅಡ್ಡಡ್ಡ ಸಿಕ್ಕಿಸಿದರೆ ಆಯಿತು.

ಇನ್ನೊಂದನ್ನೂ ನೋಡಿ: ಕಾರಿನ ಒಳಗಿನ ದೀಪ ಹತ್ತುತ್ತದೆಯೇ? ಎಷ್ಟೋ ಗಾಡಿಗಳಲ್ಲಿ ಸ್ಟೀರಿಯೊ ನೆನಪಿನ ಕರೆಂಟೂ ರೂಮ್ ಲ್ಯಾಂಪಿನ ಕರೆಂಟೂ ಒಂದೇ ಫ್ಯೂಸಿನಿಂದ ಬರುತ್ತವೆ. ಆ ಫ್ಯೂಸ್ ಹೋಗಿರುವುದು ತಿಳಿಯದೆ ಹಳದಿಯನ್ನು ಕೆಂಪಿಗೆ ಕಟ್ಟಿ ಕೈತೊಳೆದುಕೊಳ್ಳುವ ಕೆಲಸ ಬಹಳ ಕಡೆ ನಡೆಯುತ್ತದೆ. ಹಳದಿ, ಕೆಂಪು ಎಂಬ ಬಣ್ಣಗಳು ಹೊರಗಿನಿಂದ ತಂದ ಸೆಟ್ಟಿನ ವೈರುಗಳವು. ಕಾರಿನ ಒಳವೈರುಗಳ ಬಣ್ಣ ಬೇರೆಯೇ ಇರುತ್ತದೆ, ಅಲ್ಲಿ ಮೀಟರನ್ನು ಮಾತ್ರ ನಂಬಿ.

ಪ್ರಶ್ನೆ: ಸೀಟಿನ ಕೆಳಗೆ ಆಂಪ್ (ಆಂಪ್ಲಿಫೈಯರ್), ಡಿಕ್ಕಿಯಲ್ಲಿ ಬೇಸ್ ಟ್ಯೂಬ್ ಹಾಕಿಸಿದ ಮೇಲೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತದೆ. ನಾಯ್ಸ್ ಫಿಲ್ಟರ್ ಹಾಕಿಸಿದರೂ ಹೋಗಲಿಲ್ಲ. — ತುಮಕೂರು

ಉತ್ತರ: ಎಂಜಿನ್ ಜತೆಗೇ ಸದ್ದು ಏರಿಳಿಯುತ್ತದೆ ಎಂದಮೇಲೆ ಅದರ ಮೂಲ ಆಲ್ಟರ್ನೇಟರ್. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟು, ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಎಷ್ಟೇ ಮಾಡಿದರೂ ಅದರ ಮೇಲೆ ಸಣ್ಣ ಅಲೆ ಉಳಿದೇ ಉಳಿಯುತ್ತದೆ. ಅಲೆ ಇರುವುದು ತಪ್ಪಲ್ಲ, ಹಾಡಿನ ದಾರಿಗೆ ಅದು ನುಗ್ಗಿರುವುದು ತಪ್ಪು. ಸೆಟ್ಟಿನ ಅರ್ತ್ ಡ್ಯಾಶ್‌ಬೋರ್ಡಿನ ಹಿಂದೆ, ಆಂಪಿನ ಅರ್ತ್ ಸೀಟಿನ ಹತ್ತಿರ. ಈ ಎರಡು ಜಾಗಗಳ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದರೂ ಸೆಟ್ಟಿನಿಂದ ಆಂಪಿಗೆ ಹಾಡು ಒಯ್ಯುವ ಆರ್‌ಸಿಎ ಕೇಬಲಿನ ಹೊರ ಕವಚದ ಮೂಲಕ ಕರೆಂಟು ಹರಿಯುತ್ತದೆ. ಆಂಪ್ ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ.

ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕುವುದಕ್ಕೆ ಒಂದು ಕ್ರಮವಿದೆ. ಎಂಜಿನ್ ಚಾಲೂ ಇಟ್ಟು ವಾಲ್ಯೂಮ್ ಸೊನ್ನೆಗೆ ತನ್ನಿ. ಸದ್ದು ಅಷ್ಟೇ ಇದ್ದರೆ ಅದು ಸೇರುತ್ತಿರುವುದು ವಾಲ್ಯೂಮಿನ ಆಚೆ, ಅಂದರೆ ಆರ್‌ಸಿಎ ಅಥವಾ ಆಂಪಿನಲ್ಲಿ. ವಾಲ್ಯೂಮ್ ಜತೆ ಸದ್ದೂ ಏರುತ್ತಿದ್ದರೆ ವಾಲ್ಯೂಮಿನ ಈಚೆ, ಅಂದರೆ ಸೆಟ್ಟಿನಲ್ಲಿ ಅಥವಾ ಅದಕ್ಕೆ ಸಿಕ್ಕಿಸಿದ ಫೋನಿನಲ್ಲಿ. ಚಾರ್ಜಿಗೆ ಹಾಕಿದ ಫೋನನ್ನೇ ಆಕ್ಸ್ ಕೇಬಲಿಗೂ ಸಿಕ್ಕಿಸಿದ್ದರೆ ಮೊದಲು ಚಾರ್ಜರ್ ಕಿತ್ತು ನೋಡಿ, ಅರ್ಧ ಜನರ ತೊಂದರೆ ಅಲ್ಲೇ ಮುಗಿಯುತ್ತದೆ.

ಮುಂದಿನದು ಆಂಪ್. ಸೆಟ್ ಆಫ್ ಮಾಡಿ ಆಂಪಿನ ಆರ್‌ಸಿಎ ಪಿನ್‌ಗಳನ್ನು ಕೀಳಿ, ಮತ್ತೆ ಆನ್ ಮಾಡಿ. ಆಗಲೂ ಸದ್ದಿದ್ದರೆ ಆಂಪಿನ ಅರ್ತ್ ಅಥವಾ ಪವರ್ ಕೇಬಲ್ ಸರಿಯಿಲ್ಲ. ಸದ್ದು ನಿಂತರೆ ಆರ್‌ಸಿಎ ದಾರಿ ಇಲ್ಲವೇ ಸೆಟ್. ಇವೆರಡನ್ನು ಬೇರೆ ಮಾಡಲು ಚಾರ್ಜರಿಗೆ ಹಾಕದ ಫೋನನ್ನು ಸಣ್ಣ ಕೇಬಲಿನಿಂದ ನೇರವಾಗಿ ಆಂಪಿಗೆ ಕೊಟ್ಟು ಹಾಡು ಹಾಕಿ. ಸದ್ದಿಲ್ಲದೆ ಹಾಡಿದರೆ ಆಂಪ್ ಪಾಸು.

ಹೆಚ್ಚಾಗಿ ಸಿಕ್ಕಿಬೀಳುವುದು ಆಂಪಿನ ಅರ್ತ್. ಸೀಟ್ ಬೆಲ್ಟಿನ ಬೋಲ್ಟಿಗೆ ಅರ್ತ್ ಕಟ್ಟುವುದು ಫಿಟ್ಟರುಗಳ ಹಳೆಯ ಚಾಳಿ. ಆ ಬೋಲ್ಟಿನ ಸುತ್ತ ಬಣ್ಣ, ತಿರುಪಿನ ಗೆರೆಗಳಲ್ಲಿ ಅಂಟು. ಕರೆಂಟು ಸರಿಯಾಗಿ ಹರಿಯದು, ಮೇಲಾಗಿ ಪ್ರಾಣ ಕಾಯುವ ಬೋಲ್ಟನ್ನು ಸ್ಟೀರಿಯೊಗಾಗಿ ಸಡಿಲಿಸುವುದು ಸರಿಯೂ ಅಲ್ಲ. ನೆಲದ ತಗಡಿನಲ್ಲಿ ಬೇರೆ ಜಾಗ ಆರಿಸಿ. ಕೊರೆಯುವ ಮುಂಚೆ ಕಾರಿನ ಕೆಳಗೆ ಬಗ್ಗಿ, ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಆ ನೇರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. 2-3 ಸೆಂಟಿಮೀಟರ್ ಅಗಲಕ್ಕೆ ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ, ತಗಡು ಹೊಳೆಯಬೇಕು. ಕೇಬಲಿನ ತುದಿಗೆ ಪ್ರೆಸ್ ಮಾಡಿದ ಲಗ್ (ಲೋಹದ ಉಂಗುರ), ಹಲ್ಲಿನ ವಾಷರ್, ಬೋಲ್ಟು, ನಟ್ಟು. ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್. ಅರ್ತ್ ಕೇಬಲ್ 45 ಸೆಂಟಿಮೀಟರಿಗಿಂತ ಉದ್ದ ಬೇಡ. ಪವರ್ ಕೇಬಲಿನಷ್ಟೇ ದಪ್ಪವೂ ಇರಲಿ.

ಎಂಜಿನ್, ಹೆಡ್‌ಲೈಟ್, ಏಸಿ ಬ್ಲೋಯರ್ ಎಲ್ಲ ಆನ್ ಇಟ್ಟು, ಸೆಟ್ಟಿನ ಲೋಹದ ಮೈಗೂ ಆಂಪಿನ ಅರ್ತ್ ಸ್ಕ್ರೂವಿಗೂ ನಡುವೆ ಡಿಸಿ ವೋಲ್ಟ್ ನೋಡಿ. 0.1 ವೋಲ್ಟ್ ದಾಟಿದರೆ ಅರ್ತ್ ಕೆಲಸ ಇನ್ನೂ ಮುಗಿದಿಲ್ಲ. ಆರ್‌ಸಿಎ ಕೇಬಲ್ ಒಂದು ಪಕ್ಕ, ಪವರ್ ಕೇಬಲ್ ಇನ್ನೊಂದು ಪಕ್ಕ ಎಳೆಸಿ. ಎರಡನ್ನೂ ಒಂದೇ ಪಟ್ಟಿಯಡಿ ಕಟ್ಟಿದ್ದರೆ ಬಿಚ್ಚಿಸಿ.

ಇಷ್ಟಾದರೂ ಸದ್ದು ಹೋಗದಿದ್ದರೆ ಸೆಟ್ಟಿನ ಹಿಂದಿನ ಆರ್‌ಸಿಎ ಹೊರ ಉಂಗುರದಿಂದ ಸೆಟ್ಟಿನ ಮೈಗೆ ಓಮ್ ನೋಡಿ. ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಒಳಗಿನ ಕೂದಲಿನಂಥ ಸಣ್ಣ ಫ್ಯೂಸ್ ಹೋಗಿದೆ. ಸೆಟ್ ಆನ್ ಇರುವಾಗಲೇ ಆರ್‌ಸಿಎ ಕಿತ್ತು ಹಾಕಿದಾಗ, ಅಥವಾ ಆಂಪಿನ ಅರ್ತ್ ಕಳಚಿಕೊಂಡು ಅದರ ಕರೆಂಟೆಲ್ಲ ಆರ್‌ಸಿಎ ಕವಚದ ಮೂಲಕ ಹರಿದಾಗ ಇದು ಸುಡುತ್ತದೆ. ಒಂದು ತುಂಡು ವೈರಿನಿಂದ ಆ ಉಂಗುರವನ್ನು ಸೆಟ್ಟಿನ ಮೈಗೆ ಮುಟ್ಟಿಸಿದಾಗ ಕುಂಯ್ ನಿಂತರೆ ರೋಗ ಅದೇ. ಬೋರ್ಡ್ ರಿಪೇರಿ ಮಾಡುವವರು ಅದನ್ನು ಬದಲಿಸಿಕೊಡುತ್ತಾರೆ.

ಕೊನೆಯದಾಗಿ ಆಲ್ಟರ್ನೇಟರಿನ ಡಯೋಡು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಸಿ ವೋಲ್ಟ್ ನೋಡಿ. 0.5ಕ್ಕಿಂತ ಹೆಚ್ಚಿದ್ದರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಅಗ್ಗದ ಕೆಲವು ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ಲೆಕ್ಕ ಹಿಡಿದು 25-30 ವೋಲ್ಟ್ ತೋರಿಸಿ ಹೆದರಿಸುತ್ತವೆ. ಲೀಡುಗಳನ್ನು ತಿರುವುಮುರುವು ಹಿಡಿದಾಗ ಸೊನ್ನೆ ತೋರಿಸಿದರೆ ಅದು ಮೀಟರಿನ ದೋಷ. ನಾಯ್ಸ್ ಫಿಲ್ಟರ್ ವಿಷಯ: ಅರ್ತ್ ಸರಿಮಾಡದೆ ಅದನ್ನು ಹಾಕಿಸಿದ್ದು ದುಡ್ಡು ದಂಡ. ಆರ್‌ಸಿಎ ನಡುವೆ ಹಾಕುವ ಅಗ್ಗದ ಐಸೊಲೇಟರ್ ಸದ್ದಿನ ಜತೆ ಬೇಸನ್ನೂ ತಿನ್ನುತ್ತದೆ.

ಪ್ರಶ್ನೆ: ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದಾಗಿನಿಂದ ಎರಡು ದಿನ ಗಾಡಿ ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಬ್ಯಾಟರಿ 35 ಆಂಪಿಯರ್ ಅವರ್‌ನದು, ಮೂರು ವರ್ಷವಾಗಿದೆ. ಹೊಸ ಬ್ಯಾಟರಿ ಕೊಳ್ಳಲೇ? — ಚಿಂತಾಮಣಿ

ಉತ್ತರ: ಕೊಳ್ಳುವ ಮುಂಚೆ ಅಳೆಯಿರಿ. ಸೋರಿಕೆ ಹಾಗೇ ಇದ್ದರೆ ಹೊಸ ಬ್ಯಾಟರಿಯೂ ಅದೇ ದಾರಿ ಹಿಡಿಯುತ್ತದೆ.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ, 12ರ ಕೆಳಗೆ ಎಂದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಅಷ್ಟು ಬಾರದಿದ್ದರೆ ಆಲ್ಟರ್ನೇಟರನ್ನು ಕೇಳಬೇಕು, ಸ್ಟೀರಿಯೊವನ್ನಲ್ಲ.

ಇನ್ನು ಸೋರಿಕೆ ಅಳೆಯುವ ಬಗೆ. ಕೀ ತೆಗೆದು, ಬಾನೆಟ್ ತೆರೆದು, ಬಾಗಿಲೆಲ್ಲ ಮುಚ್ಚಿ ಅರ್ಧ ಗಂಟೆ ಬಿಡಿ. ಕಾರಿನೊಳಗಿನ ಕಂಪ್ಯೂಟರುಗಳು ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ಕಾರಿನ ಕೀಯನ್ನೂ ದೂರ ಇಡಿ. ಮೀಟರಿನ ಕೆಂಪು ಲೀಡನ್ನು 10 ಆಂಪಿಯರ್ ತೂತಿಗೆ ಬದಲಿಸಿ. ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಸಡಿಲಿಸಿ, ಒಂದು ಲೀಡನ್ನು ಕ್ಲಾಂಪಿಗೂ ಇನ್ನೊಂದನ್ನು ಬ್ಯಾಟರಿಯ ಕಂಬಕ್ಕೂ ಒತ್ತಿ ಹಿಡಿದು, ಆಮೇಲೆ ಕ್ಲಾಂಪ್ ಎತ್ತಿ. ಈ ಕ್ರಮದಲ್ಲಿ ಮಾಡಿದರೆ ಕರೆಂಟು ಕಡಿಯುವುದಿಲ್ಲ, ನಿದ್ದೆಗೆ ಹೋದವು ಮತ್ತೆ ಏಳುವುದಿಲ್ಲ. ಮೀಟರ್ ಸಿಕ್ಕಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟರ್ ನೂರು ಆಂಪಿಯರ್ ದಾಟಿ ಎಳೆಯುತ್ತದೆ, ಮೀಟರಿನ ಫ್ಯೂಸ್ ಅಥವಾ ಮೀಟರೇ ಹೋಗುತ್ತದೆ. ಕಂಪನಿ ಸೆಟ್ಟಿಗೆ ಕೋಡ್ ಇದ್ದ ಕಾರಾದರೆ ಆ ಕೋಡ್ ಕೈಯಲ್ಲಿರಲಿ.

50 ಮಿಲಿಆಂಪಿಯರ್ ಒಳಗಿದ್ದರೆ ಸರಿ. 300 ಮಿಲಿಆಂಪಿಯರ್ ಎಂದುಕೊಳ್ಳಿ, 48 ಗಂಟೆಗೆ 14.4 ಆಂಪಿಯರ್ ಅವರ್ ಸೋರಿತು. ಡಬ್ಬಿಯ ಮೇಲೆ 35 ಎಂದಿದ್ದರೂ ಮೂರು ವರ್ಷದ ಬ್ಯಾಟರಿಯಲ್ಲಿ ಅಷ್ಟು ಉಳಿದಿರುವುದಿಲ್ಲ. ಅರ್ಧದಷ್ಟು ಹೋದರೆ ಸೆಲ್ಫ್ ಒದ್ದಾಡುತ್ತದೆ. ನಿಮ್ಮ ಎರಡು ದಿನದ ಲೆಕ್ಕ ಇದಕ್ಕೆ ತಾಳೆಯಾಗುತ್ತದೆ.

ಹೆಚ್ಚು ತೋರಿಸಿದರೆ ಸ್ಟೀರಿಯೊ ಫ್ಯೂಸ್ ಕಿತ್ತು ನೋಡಿ. ಕರೆಂಟು ಇಳಿದರೆ ಕಳ್ಳ ಸಿಕ್ಕ. ಇಳಿಯದಿದ್ದರೆ ಸ್ಟೀರಿಯೊವನ್ನು ಬಿಟ್ಟು ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಡ್ಯಾಶ್ ಕ್ಯಾಮೆರಾದ ಪಾರ್ಕಿಂಗ್ ಮೋಡ್ ಇದ್ದರೆ ಅದನ್ನು ಮರೆಯಬೇಡಿ.

ಸ್ಟೀರಿಯೊವೇ ಆದರೆ ನೋಡಬೇಕಾದ್ದು ಕೆಂಪು ವೈರು. ಕೀ ತೆಗೆದು ಅರ್ಧ ಗಂಟೆಯ ಮೇಲೂ ಅದರಲ್ಲಿ 12 ವೋಲ್ಟ್ ಇದ್ದರೆ ಸೆಟ್ ಮಲಗುವುದೇ ಇಲ್ಲ, ಪರದೆ ಮಾತ್ರ ಕಪ್ಪಾಗಿರುತ್ತದೆ. ಈಚಿನ ಎಷ್ಟೋ ಕಾರುಗಳಲ್ಲಿ ಸ್ಟೀರಿಯೊ ಜಾಗಕ್ಕೆ ಕೀ ಕರೆಂಟಿನ ವೈರೇ ಬರುವುದಿಲ್ಲ. ಕ್ಯಾನ್ ಬಸ್ ಡಬ್ಬಿ ಎಂಬ ಸಣ್ಣ ಪೆಟ್ಟಿಗೆ ಕಾರಿನ ಡೇಟಾ ಓದಿ ಆ 12 ವೋಲ್ಟ್ ಹುಟ್ಟಿಸಿಕೊಡುತ್ತದೆ. ಸೆಟ್ಟಿನ ಫ್ಯಾಕ್ಟರಿ ಸೆಟ್ಟಿಂಗಿನಲ್ಲಿ ಕಾರಿನ ಮಾಡೆಲ್ ತಪ್ಪಾಗಿ ಆರಿಸಿದ್ದರೆ ಅಥವಾ ಆ ಡಬ್ಬಿಯೇ ನಿಮ್ಮ ಕಾರಿನದಲ್ಲದಿದ್ದರೆ ಹೀಗಾಗುತ್ತದೆ. ಕೆಲವು ಸೆಟ್ಟುಗಳಲ್ಲಿ ಬೇಗ ಆನ್ ಆಗಲೆಂದು ಸ್ಲೀಪ್ ಮೋಡ್ ಇರುತ್ತದೆ. ದಿನವೂ ಓಡುವ ಗಾಡಿಗೆ ಅದು ಸರಿ. ವಾರಕ್ಕೊಮ್ಮೆ ತೆಗೆಯುವ ಗಾಡಿಗೆ ಪೂರ್ತಿ ಆಫ್ ಆಗುವಂತೆ ಇಡಿ.

ಆಂಪ್ ಇದ್ದರೆ ಅದರ ರಿಮೋಟ್ ವೈರನ್ನೂ ನೋಡಿ, ಸೆಟ್ ಆನ್ ಆದಾಗ ಆಂಪನ್ನು ಎಬ್ಬಿಸುವ ವೈರು ಅದು. ಸೆಟ್ಟಿನ ನೀಲಿ-ಬಿಳಿ ವೈರಿನಿಂದ ಬರಬೇಕಾದ್ದನ್ನು ಸೋಮಾರಿತನಕ್ಕೆ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಹಾಡಿಲ್ಲದೆಯೂ ಆಂಪ್ ಅರ್ಧ, ಒಂದು ಆಂಪಿಯರ್ ನುಂಗುತ್ತಾ ಕೂತಿರುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಮೀಟರೂ ಬೇಡ.

ಸೋರಿಕೆ 50ರ ಒಳಗೇ ಇದ್ದು ಬ್ಯಾಟರಿ ಇಳಿಯುತ್ತಿದ್ದರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಹೊಸದನ್ನು ಕೊಳ್ಳುವ ಮಾತು ಆಮೇಲೆ.

ಪ್ರಶ್ನೆ: ಸ್ಟೀರಿಯೊದ 10 ಆಂಪಿಯರ್ ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಿತ್ತು. 20ರದು ಹಾಕಿದೆವು, ನಿಂತಿತು. ಈಗ ಸುಟ್ಟ ವಾಸನೆ ಬರುತ್ತಿದೆ. — ಶ್ರೀನಿವಾಸಪುರ

ಉತ್ತರ: ಇದನ್ನು ಓದಿದ ಕೂಡಲೇ ಆ ಹಳದಿ ಫ್ಯೂಸ್ ಕಿತ್ತುಹಾಕಿ. ಫ್ಯೂಸ್ ಇರುವುದು ಸೆಟ್ಟನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. 10 ಆಂಪಿಯರಿನದು ಕೆಂಪು, 15 ನೀಲಿ, 20 ಹಳದಿ. ಕೆಂಪು ಇದ್ದ ಜಾಗಕ್ಕೆ ಹಳದಿ ಹಾಕಿದಾಗ ಸುಡುವ ಸರದಿ ಡ್ಯಾಶ್‌ಬೋರ್ಡಿನೊಳಗಿನ ವೈರಿಗೆ ಬಂತು. ನಿಮಗೆ ಬಂದ ವಾಸನೆ ಅದರದೇ.

ಫ್ಯೂಸ್ ಮೇಲೆ ಫ್ಯೂಸ್ ಸುಟ್ಟು ಹುಡುಕುವ ಬದಲು ಇಂಡಿಕೇಟರಿನ 12 ವೋಲ್ಟ್ 21 ವಾಟ್ ಬಲ್ಬಿಗೆ ಎರಡು ವೈರು ಕಟ್ಟಿ ಫ್ಯೂಸ್ ಜಾಗದಲ್ಲಿ ಸಿಕ್ಕಿಸಿ. ಎಂಥ ಶಾರ್ಟ್ ಇದ್ದರೂ 2 ಆಂಪಿಯರಿಗಿಂತ ಹೆಚ್ಚು ಹರಿಯದು. ಬಲ್ಬು ಪೂರಾ ಉರಿದರೆ ಶಾರ್ಟ್ ಇನ್ನೂ ಇದೆ ಎಂದರ್ಥ. ಈಗ ಸೆಟ್ಟಿನ ಹಿಂದಿನ ಕಪ್ಲರ್ ಕೀಳಿ. ಬಲ್ಬು ಆರಿತೇ? ತಪ್ಪು ಸೆಟ್ಟಿನೊಳಗೆ. ಪ್ಲಸ್, ಮೈನಸ್ ಒಮ್ಮೆ ತಿರುವಿ ಕೊಟ್ಟ ಸೆಟ್ಟಾದರೆ ಒಳಗಿನ ರಕ್ಷಣೆಯ ಡಯೋಡ್ ಶಾರ್ಟ್ ಆಗಿರುತ್ತದೆ. ಅದನ್ನು ಬದಲಿಸಿದರೆ ಸೆಟ್ ಬದುಕುವುದುಂಟು.

ಆರದಿದ್ದರೆ ಕಾರಿನ ವೈರಿಂಗ್. ಮೊದಲು ಸಿಗರೇಟ್ ಲೈಟರ್ ತೂತಿನೊಳಗೆ ಟಾರ್ಚ್ ಬಿಡಿ. ಬಹಳ ಕಾರುಗಳಲ್ಲಿ ಅದಕ್ಕೂ ಸ್ಟೀರಿಯೊಗೂ ಒಂದೇ ಫ್ಯೂಸ್, ಒಳಗೆ ಒಂದು ನಾಣ್ಯವೋ ಮುರಿದ ಚಾರ್ಜರಿನ ತುದಿಯೋ ಬಿದ್ದಿರುತ್ತದೆ. ಅಲ್ಲಿಲ್ಲದಿದ್ದರೆ ವೈರುಗಳನ್ನು ಒಂದೊಂದಾಗಿ ಅಲುಗಿಸುತ್ತಾ ಬಲ್ಬಿನ ಮೇಲೆ ಕಣ್ಣಿಡಿ, ಯಾವುದನ್ನು ಮುಟ್ಟಿದಾಗ ಮಿಣುಕುತ್ತದೋ ಅಲ್ಲಿದೆ. ಸೆಟ್ಟಿನ ಪಟ್ಟಿಯ ಸ್ಕ್ರೂ ಚುಚ್ಚಿದ ವೈರು, ಮೂಲೆಗೆ ಉಜ್ಜಿದ ವೈರು ಸಾಮಾನ್ಯ. ಮಾವಿನ ತೋಪಿನಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ. 20 ಆಂಪಿಯರ್ ಹರಿದ ವೈರಿನ ಮೇಲ್ಪದರ ಕರಗಿ ಅಂಟಿಕೊಂಡಿದ್ದರೆ ಟೇಪ್ ಸುತ್ತಬೇಡಿ, ಆ ಉದ್ದವನ್ನೇ ಬದಲಿಸಿ.

ಪ್ರಶ್ನೆ: ಎಡಬಾಗಿಲಿನ ಸ್ಪೀಕರ್ ಬಾಗಿಲು ತೆರೆದಾಗ ಹಾಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. — ಗೌರಿಬಿದನೂರು

ಉತ್ತರ: ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಬೂಟಿನೊಳಗೆ ವೈರು ತುಂಡಾಗಿದೆ. ಮೇಲಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ ಮುರಿದಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಸೆಟ್ಟಿನ ಕಪ್ಲರ್ ಕಿತ್ತು, ಎಡ ಮುಂದಿನ ಸ್ಪೀಕರಿನ ಎರಡು ಪಿನ್‌ಗಳಿಗೆ ಓಮ್ ಮೀಟರ್ ಹಿಡಿದು ಬಾಗಿಲನ್ನು ನಿಧಾನವಾಗಿ ಆಡಿಸಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8 ತೋರಿಸುತ್ತದೆ, ಅದು ಸಹಜ. ಬಾಗಿಲ ಜತೆ ಅಂಕಿ ಹಾರಿದರೆ ತುಂಡು ಅಲ್ಲೇ.

ಮಡಚುವ ಜಾಗದಲ್ಲೇ ಬೆಸುಗೆ ಹಾಕಿಸಬೇಡಿ. ಬೆಸುಗೆಯ ಸೀಸ ಎಳೆಗಳ ಒಳಕ್ಕೆ ಹರಿದು ವೈರು ಕಡ್ಡಿಯಂತಾಗುತ್ತದೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬೂಟಿನಿಂದ ಎರಡೂ ಕಡೆ ಒಂದು ಗೇಣು ಬಿಟ್ಟು ಕತ್ತರಿಸಿ, ನಡುವೆ ಸಣ್ಣ ಎಳೆಗಳ ಮೆತ್ತನೆ ವೈರು ಹಾಕಿಸಿ.

ಡೋರ್ ಪ್ಯಾಡ್ ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದೆಯೇ ನೋಡಿ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಸ್ಪೀಕರ್ ಮೇಲೆ ಬೀಳದಂತೆ ತಡೆಯುವುದು ಆ ಹಾಳೆಯೇ. ಸ್ಪೀಕರ್ ಹೋಗಿದೆಯೋ ಎಂಬ ಅನುಮಾನಕ್ಕೆ 1.5 ವೋಲ್ಟ್ ಗಡಿಯಾರದ ಸೆಲ್ ಸಾಕು. ಸ್ಪೀಕರಿನ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸಿ. ಟಪ್ ಎಂದು ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಸ್ಪೀಕರಿನ ಪ್ಲಸ್.

ಒಂದು ಎಚ್ಚರಿಕೆ. ವೈರು ಉಳಿಸಲೆಂದು ಸ್ಪೀಕರಿನ ಮೈನಸ್ಸನ್ನು ಕಾರಿನ ತಗಡಿಗೆ ಕಟ್ಟುವವರು ಈಗಲೂ ಇದ್ದಾರೆ. ಹಳೆಯ ಕ್ಯಾಸೆಟ್ ಸೆಟ್ಟುಗಳಿಗೆ ಅದು ನಡೆಯುತ್ತಿತ್ತು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ವೈರುಗಳಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 6 ವೋಲ್ಟ್ ಇರುತ್ತದೆ. ಯಾವುದನ್ನು ತಗಡಿಗೆ ಮುಟ್ಟಿಸಿದರೂ ಔಟ್‌ಪುಟ್ ಐಸಿಗೆ ಅಪಾಯ.

ಪ್ರಶ್ನೆ: '1000 ವಾಟ್' ಆಂಪಿಗೆ ಎರಡು ಸಬ್ ವೂಫರ್ ಹಾಕಿಸಿದ್ದೇನೆ. ಬೇಸ್ ಹೊಡೆದಾಗ ಹೆಡ್‌ಲೈಟ್ ಮಂಕಾಗುತ್ತದೆ, ಸ್ವಲ್ಪ ಹೊತ್ತಿಗೆ ಆಂಪಿನಲ್ಲಿ ಕೆಂಪು ದೀಪ ಹತ್ತಿ ಸದ್ದು ನಿಲ್ಲುತ್ತದೆ. ಕೆಪಾಸಿಟರ್ ಹಾಕಿಸಿ ಎನ್ನುತ್ತಾರೆ. — ಕೆಜಿಎಫ್

ಉತ್ತರ: ಆಂಪಿನ ವಾಟ್ ತಿಳಿಯಲು ಡಬ್ಬಿಯ ಮೇಲಿನ ಅಕ್ಷರ ಓದಬೇಡಿ, ಅದರ ಪಕ್ಕೆಯಲ್ಲಿರುವ ಫ್ಯೂಸ್ ಓದಿ. 30 ಆಂಪಿಯರ್ ಫ್ಯೂಸ್ ಇದ್ದರೆ 30ನ್ನು 13.8ರಿಂದ ಗುಣಿಸಿ, ಒಳಕ್ಕೆ ಹೋಗುವುದೇ 414 ವಾಟ್. ಎಬಿ ಕ್ಲಾಸ್ ಆಂಪ್ ಅದರಲ್ಲಿ ನೂರಕ್ಕೆ ಸುಮಾರು 60 ಪಾಲನ್ನು ಸದ್ದು ಮಾಡಿ ಉಳಿದದ್ದನ್ನು ಶಾಖ ಮಾಡುತ್ತದೆ. ಅಲ್ಲಿಗೆ ಸಿಕ್ಕಿದ್ದು 250 ವಾಟ್. ಡಿ ಕ್ಲಾಸ್ ಆದರೆ 80 ಪಾಲು. ಸೆಟ್ಟಿನ ಮೇಲಿನ '50 ವಾಟ್ ನಾಲ್ಕು' ಎಂಬುದೂ ಇದೇ ಬಗೆಯ ಲೆಕ್ಕ. 10 ಆಂಪಿಯರ್ ಫ್ಯೂಸಿನಿಂದ 200 ವಾಟ್ ಎಲ್ಲಿಂದ ಬರಬೇಕು?

ಕೆಂಪು ದೀಪಕ್ಕೆ ಮೊದಲ ಅನುಮಾನ ನಿಮ್ಮ ಎರಡು ವೂಫರುಗಳ ಜೋಡಣೆ. 4 ಓಮಿನ ಎರಡನ್ನು ಸಮಾನಾಂತರವಾಗಿ ಕಟ್ಟಿದರೆ 2 ಓಮ್. ಆಂಪಿನ ಎರಡು ಚಾನೆಲನ್ನು ಬ್ರಿಜ್ ಮಾಡಿ, ಅಂದರೆ ಸೇರಿಸಿ ಒಂದಾಗಿಸಿ ಅದಕ್ಕೆ ಕೊಟ್ಟರೆ ಪ್ರತಿ ಚಾನೆಲ್ ಹೊರುವುದು 1 ಓಮಿನ ಭಾರ. ಬ್ರಿಜ್ ಮಾಡಿದಾಗ 4 ಓಮಿಗಿಂತ ಕೆಳಗೆ ಬೇಡ ಎಂದು ಸಾಮಾನ್ಯವಾಗಿ ಆಂಪಿನ ಮೇಲೇ ಬರೆದಿರುತ್ತದೆ. ಹಾಗಿದ್ದರೆ ಒಂದೊಂದು ಚಾನೆಲಿಗೆ ಒಂದೊಂದು ವೂಫರ್ ಕೊಡಿ. ಸದ್ದು ಸ್ವಲ್ಪ ಕಡಿಮೆಯಾದೀತು, ಆಂಪ್ ಉಳಿಯುತ್ತದೆ. ಸ್ಪೀಕರ್ ವೈರುಗಳನ್ನೆಲ್ಲ ಬಿಚ್ಚಿದ ಮೇಲೂ ಕೆಂಪು ದೀಪ ಹತ್ತಿದರೆ ಮಾತ್ರ ಆಂಪ್ ಬಿಚ್ಚಿಸಿ. ವೈರು ಬಿಚ್ಚಿದಾಗ ಆರಿದರೆ ಪ್ರತಿ ವೈರಿನಿಂದ ಕಾರಿನ ತಗಡಿಗೆ ಓಮ್ ನೋಡಿ, ಯಾವುದರಲ್ಲೂ ಸಂಪರ್ಕ ತೋರಿಸಬಾರದು.

ಎರಡನೆಯದು ಕೇಬಲ್. ಬಾನೆಟ್ಟಿನಿಂದ ಡಿಕ್ಕಿಗೆ 5 ಮೀಟರ್ ಬೇಕು. 30 ಆಂಪಿಯರ್ ಹರಿದಾಗ 8 ಗೇಜಿನ ಅಪ್ಪಟ ತಾಮ್ರದಲ್ಲಿ 0.3 ವೋಲ್ಟ್ ಬಿದ್ದುಹೋಗುತ್ತದೆ, ಅದಕ್ಕಿಂತ ದಪ್ಪನೆಯ 4 ಗೇಜಿನಲ್ಲಿ 0.12. ಕಿಟ್ಟುಗಳಲ್ಲಿ ಬರುವುದು ಹೆಚ್ಚಾಗಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್. ಅದೇ 8 ಗೇಜಿನಲ್ಲಿ ಅರ್ಧ ವೋಲ್ಟ್ ಹೋಗುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಹೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅದೇ.

50 ಹರ್ಟ್ಸಿನ ಸದ್ದನ್ನು ಜೋರಾಗಿ ಹಾಕಿ, ಬ್ಯಾಟರಿಯ ಪ್ಲಸ್ಸಿನಿಂದ ಆಂಪಿನ ಪ್ಲಸ್ಸಿಗೆ ವೋಲ್ಟ್ ನೋಡಿ. ಆಮೇಲೆ ಮೈನಸ್ಸಿನಿಂದ ಮೈನಸ್ಸಿಗೆ. ಎರಡೂ ಸೇರಿ 0.5 ದಾಟಿದರೆ, ಯಾವುದು ಹೆಚ್ಚೋ ಆ ಕಡೆಯ ಲಗ್, ಫ್ಯೂಸ್ ಹೋಲ್ಡರ್, ಅರ್ತ್ ಬೋಲ್ಟು ಬಿಚ್ಚಿ ನೋಡಿ. ಬಿಸಿಯಾಗಿರುವ ಜಾಗವೇ ತಪ್ಪಿನ ಜಾಗ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಮುಖ್ಯ ಫ್ಯೂಸ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ತಗಡಿಗೆ ಉಜ್ಜಿ ಪದರ ಹರಿದ ಕೇಬಲ್ ಗಾಡಿಗೆ ಬೆಂಕಿ ಹಚ್ಚಬಲ್ಲದು.

ಕೇಬಲ್ ಸರಿಯಿದ್ದೂ ದೀಪ ಮಂಕಾದರೆ ಆಲ್ಟರ್ನೇಟರಿಗೆ ಅಷ್ಟು ಶಕ್ತಿಯಿಲ್ಲ. ನಿಂತ ಗಾಡಿಯ ಐಡ್ಲಿಂಗಿನಲ್ಲಿ ಅದು ಕೊಡುವುದು ಇನ್ನೂ ಕಡಿಮೆ. ಕೆಪಾಸಿಟರ್ ಕರೆಂಟು ಹುಟ್ಟಿಸುವುದಿಲ್ಲ, ಕೊಟ್ಟದ್ದನ್ನು ಕ್ಷಣಮಾತ್ರ ಹಿಡಿದಿಡುತ್ತದೆ. ಆ ದುಡ್ಡನ್ನು 4 ಗೇಜ್ ತಾಮ್ರಕ್ಕೆ ಹಾಕಿ.

ಪ್ರಶ್ನೆ: ಕಂಪನಿ ಸೆಟ್ ತೆಗೆದು ಹೊಸದು ಹಾಕಿಸಿದ ಮೇಲೆ ಎಫ್‌ಎಂ ಬರೀ ಗೊರಗೊರ. ಮೊದಲು ರೇನ್‌ಬೋ, ವಿವಿಧ ಭಾರತಿ ಎರಡೂ ಚೆನ್ನಾಗಿ ಬರುತ್ತಿದ್ದವು. — ಚಿಕ್ಕಬಳ್ಳಾಪುರ

ಉತ್ತರ: ಬೆಂಗಳೂರಿನ 101.3, 102.9 ನಿಮ್ಮ ಊರಿಗೆ ಬರುವ ಹೊತ್ತಿಗೆ ನಂದಿಯ ಸಾಲುಬೆಟ್ಟ ದಾಟಿ ಸೊರಗಿರುತ್ತವೆ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಹೋಗುವಂಥವು. ಬೆಟ್ಟದ ನೆರಳಿನಲ್ಲಿ ಕ್ಷೀಣವಾಗುವುದು ಸಹಜ. ಆದರೂ ಮೊದಲು ಬರುತ್ತಿತ್ತು ಎಂದಮೇಲೆ ತಪ್ಪು ಆಂಟೆನಾ ಕರೆಂಟಿನದು. ಮಾಡಿನ ಮೇಲಿನ ಗಿಡ್ಡ ಆಂಟೆನಾದ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಬೇಕು. ಹೊಸ ಸೆಟ್ಟಿನ ನೀಲಿ ವೈರನ್ನು ಕಪ್ಲರಿನ 5ನೇ ಪಿನ್ನಿಗೆ ಸೇರಿಸಿದ್ದಾರೆಯೇ ನೋಡಿ. ಬಹಳ ಸಲ ಅದನ್ನು ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಕೆಲವು ಯುರೋಪಿಯನ್ ಕಾರುಗಳಲ್ಲಿ ಈ 12 ವೋಲ್ಟ್ ಆಂಟೆನಾ ಕೇಬಲಿನೊಳಗೇ ಹೋಗಬೇಕು. ಅದಕ್ಕೆ ಫ್ಯಾಂಟಮ್ ಅಡಾಪ್ಟರ್ ಕೇಳಿ ತನ್ನಿ.

ಅದು ಸರಿಯಿದ್ದರೆ ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಎಲ್‌ಇಡಿ ಹೆಡ್‌ಲೈಟ್ ಒಂದೊಂದಾಗಿ ಆರಿಸಿ ಕೇಳಿ. ಅಗ್ಗದ ಚಾರ್ಜರ್ ತಾನೇ ಒಂದು ಪುಟ್ಟ ಸ್ಟೇಷನ್ನು. 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿ ಕೇಳುವವರಿಗೆ ಇದರ ಕಾಟ ಇನ್ನೂ ಹೆಚ್ಚು.

ಪ್ರಶ್ನೆ: ಹೊಸ ಕಾರು, ವಾರಂಟಿ ಇದೆ. ವೈರು ಕತ್ತರಿಸದೆ ಸ್ಟೀರಿಯೊ ಹಾಕಿಸಬಹುದೇ? — ಕುಣಿಗಲ್

ಉತ್ತರ: ಆಗುತ್ತದೆ. ಕಾರಿನ ಮಾಡೆಲ್, ವರ್ಷ ಹೇಳಿ ಕಪ್ಲರ್ ತೆಗೆದುಕೊಳ್ಳಿ. ಊರಿನ ಆಕ್ಸೆಸರಿ ಅಂಗಡಿಯಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಸ್ಟೀರಿಂಗಿನ ಗುಂಡಿಗಳು, ಹಿಂದಿನ ಕ್ಯಾಮೆರಾ ಕೆಲಸ ಮಾಡಬೇಕೆಂದು ಮೊದಲೇ ಹೇಳಿ, ಅದಕ್ಕೆ ಕಪ್ಲರೇ ಬೇರೆ. ಫಿಟ್ಟರ್ ಇಕ್ಕಳ ಹಿಡಿದು ಕಂಪನಿ ವೈರಿಗೆ ಕೈ ಹಾಕಿದರೆ ಅಲ್ಲೇ ತಡೆಯಿರಿ. ಹೊಸ ಸೆಟ್ಟಿನ ಕಡೆಯ ವೈರುಗಳನ್ನು ಕೂಡಿಸುವಾಗಲೂ ಹುರಿಮಾಡಿ ಟೇಪ್ ಸುತ್ತಿದರೆ ಸಾಲದು. ಪಾವಗಡದಂಥ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುತ್ತದೆ, ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿಸಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ.

ಪ್ರಶ್ನೆ: 24 ವೋಲ್ಟಿನ ಲಾರಿಗೆ ಕಾರಿನ ಸ್ಟೀರಿಯೊ ಹಾಕಬೇಕು. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕರೆಂಟು ತೆಗೆದರೆ 12 ಬರುತ್ತದಲ್ಲ? — ಶಿರಾ

ಉತ್ತರ: ಬರುತ್ತದೆ, ಸೆಟ್ಟೂ ಹಾಡುತ್ತದೆ, ಹೋಗುವುದು ಬ್ಯಾಟರಿ. ಎರಡೂ ಬ್ಯಾಟರಿ ಸಾಲಾಗಿ ಇರುವುದರಿಂದ ಆಲ್ಟರ್ನೇಟರ್ ಎರಡಕ್ಕೂ ಒಂದೇ ಕರೆಂಟು ಹರಿಸುತ್ತದೆ. ಸ್ಟೀರಿಯೊ ತಿಂದ ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಹೊಟ್ಟೆ ಬಿರಿಯುವಷ್ಟು. ಒಂದು ಸಲ್ಫೇಟ್ ಹಿಡಿದು ಸಾಯುತ್ತದೆ, ಇನ್ನೊಂದು ನೀರು ಕುದಿಸಿಕೊಂಡು ಸಾಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಬರೀ ಸೆಟ್ಟಿಗೆ 10 ಆಂಪಿಯರಿನದು ಸಾಕು. ಕನ್ವರ್ಟರನ್ನು ಕೀ ಕರೆಂಟಿನ ರಿಲೇಯಿಂದ ಆನ್ ಮಾಡಿಸಿದರೆ ರಾತ್ರಿ ನಿಂತಾಗ ಏನನ್ನೂ ನುಂಗುವುದಿಲ್ಲ, ಆದರೆ ಗಡಿಯಾರ ದಿನಾ ಕೂಡಿಸಿಕೊಳ್ಳಬೇಕಾಗುತ್ತದೆ. ಅದು ಬೇಡವೆಂದರೆ ಹಳದಿ ವೈರಿಗೆ ಮತ್ತು ಕೆಂಪಿಗೆ ಬೇರೆ ಬೇರೆ ಔಟ್‌ಪುಟ್ ಇರುವ ಕನ್ವರ್ಟರ್ ಕೇಳಿ. ಒಳಬರುವ 24 ವೋಲ್ಟಿನ ಕಡೆ 10 ಆಂಪಿಯರ್ ಫ್ಯೂಸ್ ಇರಲಿ, ಕನ್ವರ್ಟರನ್ನು ಗಾಳಿಯಾಡುವ ಕಡೆ ತಗಡಿಗೆ ಬಿಗಿಸಿ. ಕ್ಯಾಬಿನ್ನಿನ ರೆಗ್ಜಿನ್ ಹಿಂದೆ ತುರುಕಿದರೆ ಬೇಸಿಗೆಯಲ್ಲಿ ಬಿಸಿಯಾಗಿ ತಾನೇ ಆಫ್ ಆಗುತ್ತದೆ.